ಅಂಗಡಿಯಲ್ಲಿ ನಯವಾಗಿ ಮಾತಾಡಿದ್ದು

ನನ್ನ ನಾಲಿಗೆ ಒರಟು ಎಂಬುದನ್ನು ನಾನು ಬಹಳ ದಿನ ಒಪ್ಪಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು, ಗುಡಗೇರಿ ಸ್ಟೇಷನ್ನಿನಲ್ಲಿ ಜೋಳದ ಚೀಲ ಹೊತ್ತು ಬೆಳೆದವನು ನಾನು. ಚೀಲದ ಮುಂದೆ ನಿಂತು “ದಯಮಾಡಿ ಏಳ್ರಿ” ಎಂದರೆ ಅದು ಏಳುವುದಿಲ್ಲ. ಮುಂದೆ ಬೆವರು ಸುರಿಸಿ ಕಿರಾಣಿ ಅಂಗಡಿ ಹಾಕಿದಾಗಲೂ ಅದೇ ದನಿ ಉಳಿಯಿತು. “ಬೆಲ್ಲ ಚಲೋ ಐತೇನು?” ಎಂದು ಯಾರಾದರೂ ಕೇಳಿದರೆ, “ಕೆಟ್ಟದ್ದು ಮಾರಾಕ ಅಂಗಡಿ ತಗದೀನೇನು?” ಎನ್ನುತ್ತಿದ್ದೆ. ನನ್ನ ಮಟ್ಟಿಗೆ ಅದೂ ಒಂದು ಉತ್ತರವೇ. ಬೆಲ್ಲ ಮಾತ್ರ ಚಲೋ ಇರುತ್ತಿತ್ತು. ಆ ಬಗ್ಗೆ ನನಗೆ ಇವತ್ತಿಗೂ ಸೊಕ್ಕಿದೆ.

ಹೀಗಿರುವಾಗ ಎದುರಿಗೇ ಹೊಸ ಅಂಗಡಿ ಬಂತು. ಅದರ ಮಾಲೀಕ ಗಿರಾಕಿಗಳನ್ನು ಕುರ್ಚಿಯ ಮೇಲೆ ಕೂಡಿಸಿ, ಉಪ್ಪು ಒಯ್ಯಲು ಬಂದವರಿಗೂ “ಬರ್ರಿ ತಾಯಿ, ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ರಿ?” ಎನ್ನುತ್ತಿದ್ದ. ನಮ್ಮ ಓಣಿಯ ಗೌರಕ್ಕನ ಮಗಳ ಮದುವೆ ಗೊತ್ತಾದದ್ದೂ ಆಗಲೇ. ಇಡೀ ಮದುವೆಯ ಸಾಮಾನು! ಅದು ಎದುರಿನ ಅಂಗಡಿಗೆ ಹೋದರೆ ಊರಲ್ಲಿ ನಾನು ತಲೆ ಎತ್ತಿ ತಿರುಗುವಂತಿರಲಿಲ್ಲ. ನನ್ನ ಹೆಂಡತಿ ನೀಲವ್ವ ಮೊದಲೇ ಎಚ್ಚರಿಸಿದಳು: “ನಿಮ್ಮ ಮಾತಿನ ಮುಂದ ಲವಂಗಿ ಮೆಣಸಿನಕಾಯಿನೂ ಸಪ್ಪಗ. ಗೌರಕ್ಕ ಬಂದಾಗರೆ ಒಂದೀಟು ನಯವಾಗಿ ಮಾತಾಡ್ರಿ.”

ಗೌರಕ್ಕ ಬಂದಳು. ನಾನು ಎದ್ದು ನಿಂತು, “ಬರ್ರಿ ಅಕ್ಕಾರ, ಕೂಡ್ರಿ” ಎಂದೆ. ಯಾರು ಬಂದರೆಂದು ಆಕೆ ಹಿಂದೆ ತಿರುಗಿ ನೋಡಿದಳು. ಚಹಾ ತರಿಸಿಕೊಟ್ಟೆ. ಕಡಲೆಬೇಳೆ ಹೇಗಿದೆ ಎಂದಾಗ, “ನೀವ ನೋಡಿ ಹೇಳ್ರಿ, ನಿಮ್ಮ ಮುಂದ ನಾ ಏನ್ ಹೇಳ್ಲಿ” ಎಂದು ಹಲ್ಲು ಕಿರಿದೆ. ರೂಢಿಯಿಲ್ಲದ ಕೆನ್ನೆಗಳು ನೋಯತೊಡಗಿದವು. ಚೀಲ ಹೊರುವುದು ಇದಕ್ಕಿಂತ ಹಗುರ.

ಆಕೆ ಚಹಾ ಕೆಳಗಿಟ್ಟಳು. ಚೀಲದೊಳಗೆ ಮೊಳಕೈತನಕ ಕೈ ಇಳಿಸಿ ತಳದ ಬೇಳೆ ತೆಗೆದಳು. ಮೂಸಿದಳು, ಕಡಿದಳು, ಬಿಸಿಲಿಗೆ ಹಿಡಿದಳು.

“ನಿಂಗಪ್ಪಾ, ಖರೆ ಹೇಳು. ಹುಳಾ ಬಿದ್ದಾವೇನು?”

“ಛೇ ಛೇ, ಇಲ್ರಿ ಅಕ್ಕಾರ.”

“ಮತ್ಯಾಕ ಹಿಂಗ ಮಾತಾಡಾಕತ್ತಿ? ಎದುರಿನಾಂವ ಹಿಂಗ ನಕ್ಕೋಂತ ನನಗ ಮುಗ್ಗಿದ ರವಾ ಕೊಟ್ಟಾನ. ನಾ ಹುಬ್ಬಳ್ಳಿಯಿಂದ ತರಿಸ್ತೀನಿ ಬಿಡು.”

ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿದೇಬಿಟ್ಟಳು. ನನ್ನ ಬೇಳೆಯಲ್ಲಿ ಹುಳವೇ? ಸಿಟ್ಟು ನೆತ್ತಿಗೇರಿತು.

“ಏ ಗೌರಕ್ಕಾ! ಬೇಕಾದ್ರ ತಗೋ, ಬ್ಯಾಡಾದ್ರ ಬಿಡು. ನನ್ನ ಬ್ಯಾಳ್ಯಾಗ ಹುಳಾ ಹುಡುಕೂಕಿ, ಮೊದಲ ನಿನ್ನ ಕಣ್ಣು ತೋರಿಸ್ಕೊಂಡು ಬಾ!”

ಒಳಗಿನಿಂದ ನೀಲವ್ವ ಹಣೆ ಹಣೆ ಬಡಿದುಕೊಂಡದ್ದು ಕೇಳಿಸಿತು. ಗೌರಕ್ಕ ಮಾತ್ರ ತಿರುಗಿ ಬಂದು ಆರಾಮಾಗಿ ಕುಳಿತಳು.

“ಹಾಂ, ಈಗ ನನ್ನ ಜೀವಕ್ಕ ಸಮಾಧಾನ ಆತು ನೋಡು. ತೂಗು. ಎಲ್ಲಾ ಸಾಮಾನು ಇಲ್ಲೇ.” ಆರಿದ ಚಹಾವನ್ನೂ ಬಿಡಲಿಲ್ಲ. ಹೊರಡುವಾಗ, “ಮದಿವಿಗೆ ಬಾ ಮತ್ತ. ಆದ್ರ ಬೀಗರ ಮುಂದ ಬಾಯಿ ತಗೀಬ್ಯಾಡ” ಎಂದಳು.

ಹೋದೆ. ಪಂಕ್ತಿಯಲ್ಲಿ ನನ್ನ ಬಾಜು ಕುಳಿತಿದ್ದ ಬೀಗರು ಹೋಳಿಗೆ ಮುರಿದು, “ಅಗದಿ ಚಲೋ ಆಗ್ಯಾವ. ಬ್ಯಾಳಿ ಯಾರ ಅಂಗಡೀದ್ರಿ?” ಎಂದು ನನ್ನನ್ನೇ ಕೇಳಿದರು. ಎದುರಿಗೆ ಗೌರಕ್ಕ ತುಪ್ಪದ ಗಿಂಡಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಎಲೆಯ ಮೇಲಿದ್ದ ಹೋಳಿಗೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.