ನನ್ನ ಕಾರಿನ ಕೆಳಗಿನ ಕೊಳವೆ

ಕಾಣುವ ಕಡೆ ರಿಪೇರಿ ಮಾಡಿ, ಕಾಣದ ಕಡೆಯನ್ನು ದೇವರಿಗೆ ಬಿಡುವುದು ನನ್ನ ಹುಟ್ಟುಗುಣ. ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸಿದರೆ ಬೀದಿಗೋಡೆಗೆ ಎರಡು ಕೋಟು, ಹಿತ್ತಲಗೋಡೆಗೆ ಒಳ್ಳೆಯ ಮಾತು. ಬೂಟಿಗೆ ಪಾಲಿಶ್ ಹಾಕಿದರೆ ಮುಂಭಾಗ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತದೆ. ಹಿಮ್ಮಡಿ ಮಾತ್ರ ಹೋದ ವರ್ಷದ ಕೆಸರನ್ನು ಇನ್ನೂ ಹೊತ್ತಿರುತ್ತದೆ. ನಾನು ವಕೀಲ. ಕೋರ್ಟಿನಲ್ಲಿ ನ್ಯಾಯಾಧೀಶರ ಕಡೆಗೆ ಮುಖಮಾಡಿ ನಿಲ್ಲುವವನಿಗೆ ಹಿಮ್ಮಡಿಯ ಚಿಂತೆ ಯಾಕೆ ಎಂದು ನನ್ನ ವಾದ. ನನ್ನ ಹೆಂಡತಿ ಜಯ ಮಾತ್ರ, "ಕೋರ್ಟಿಗೆ ಎದುರಾಗಿ ನಿಂತಿರ್ತೀರಿ ಸರಿ, ಆದ್ರೆ ಕಕ್ಷಿದಾರರು ಹಿಂದೆ ಕೂತಿರ್ತಾರಲ್ರೀ" ಎನ್ನುತ್ತಿದ್ದಳು. ಇಂಥ ಹೆಂಡತಿ ಇರುವವನಿಗೆ ಎದುರು ಪಕ್ಷದ ವಕೀಲ ಬೇರೆ ಬೇಕಾಗಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನಲ್ಲಿ ಕಾರಿಟ್ಟ ವಕೀಲರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ಬೆರಳುಗಳಲ್ಲಿ ನನ್ನದೂ ಒಂದಿರಲಿ ಎಂಬ ಆಸೆಯಿಂದ ಕೊಬ್ಬರಿ ಮಂಡಿಯವರೊಬ್ಬರು ಉಪಯೋಗಿಸಿ ಬಿಟ್ಟ ಹಳೆಯ ಕಾರೊಂದನ್ನು ಕೊಂಡೆ. ಎಷ್ಟು ತೊಳೆದರೂ ಅದರಲ್ಲಿ ಕೊಬ್ಬರಿಯ ವಾಸನೆ ಹೋಗಲಿಲ್ಲ. ಅದು ಸಾಲದೆಂದು ಒಂದು ಬೇಸಿಗೆಯಲ್ಲಿ ಅದಕ್ಕೆ ಆವಿ ಬಿಡುವ ಚಾಳಿಯೂ ಶುರುವಾಯಿತು.

ಕುಣಿಗಲ್ ರಸ್ತೆಯಲ್ಲಿ ಮಸ್ತಾನ್ ಸಾಬರ ರಿಪೇರಿ ಶೆಡ್ಡಿತ್ತು. ಅವರು ಮುಂಭಾಗದ ಮುಚ್ಚಳ ಎತ್ತಿ, ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇದ್ದ ಮೇಲಿನ ರಬ್ಬರ್ ಕೊಳವೆಯನ್ನು ಅಮುಕಿ ತೋರಿಸಿದರು. ಉಬ್ಬಿ, ಒಣಗಿ, ಬಿರುಕು ಬಿಟ್ಟಿತ್ತು. ಕಾದ ನೀರು ಮೇಲಿನ ಕೊಳವೆಯಿಂದ ರೇಡಿಯೇಟರಿಗೆ ಬಂದು, ತಣ್ಣಗಾಗಿ, ಕೆಳಗಿನ ಕೊಳವೆಯಿಂದ ಎಂಜಿನ್ನಿಗೆ ವಾಪಸು ಹೋಗುತ್ತದೆ, ಇಷ್ಟೇ ಇದರ ಮರ್ಮ ಎಂದು ತಿಳಿಸಿದರು. "ಎರಡೂ ಬದಲಾಯಿಸ್ಬೇಕು ಸಾಮಿ. ಒಂದೇ ದಿನ ಹುಟ್ಟಿರೋ ಅಣ್ಣತಮ್ಮಂದಿರು ಇವು. ಒಬ್ಬನಿಗೆ ಹಿಂಗಾಯ್ತು ಅಂದ್ರೆ ಇನ್ನೊಬ್ಬನೂ ಹಾಸಿಗೆ ಹಿಡಿದವ್ನೆ ಅಂತ್ಲೇ ಲೆಕ್ಕ." ಆದರೆ ಅವರಿಗೆ ಕುಣಿಗಲಿನಲ್ಲಿ ತಂಗಿಮಗಳ ಮದುವೆ, ಮೂರು ದಿನ ಶೆಡ್ಡು ಬಂದ್. ನನಗೋ ಸೋಮವಾರವೇ ಕಡಬದ ಕಡೆ ಹೋಗಬೇಕಿತ್ತು. ಎರಡು ಹೊಸ ಕೊಳವೆ ಕೊಡಿ, ನಾನೇ ಹಾಕಿಕೊಳ್ಳುತ್ತೇನೆ ಎಂದೆ. ಸಾಬರು ಒಮ್ಮೆ ನನ್ನ ಬಿಳಿ ಪಂಚೆಯನ್ನು, ಒಮ್ಮೆ ನನ್ನ ಕೈಗಳನ್ನು ನೋಡಿ, ಕೊಳವೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುಮಾಡಿದೆ. ಮೇಲಿನ ಕೊಳವೆಯ ಬಿಗಿಪಟ್ಟಿಗಳನ್ನು ಸಡಿಲಿಸಿ, ಹಳೆಯದನ್ನು ಚಾಕುವಿನಿಂದ ಸೀಳಿ ತೆಗೆದು, ಹೊಸದನ್ನು ತುರುಕಿ ಬಿಗಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಬೀದಿಯಲ್ಲಿ ಹೋಗುವವರಿಗೆ ಕಾಣಲೆಂದು ಮುಚ್ಚಳವನ್ನು ಸ್ವಲ್ಪ ಹೊತ್ತು ತೆರೆದೇ ಇಟ್ಟೆ. ಆಮೇಲೆ ಕೆಳಗಿನದರ ಸರದಿ. ಕಾರಿನಡಿ ಅಂಗಾತ ಮಲಗಿ ಬಿಗಿಪಟ್ಟಿಯ ತಿರುಪು ತಿರುಗಿಸಿದೆ. ಮೊದಲು ರೇಡಿಯೇಟರಿನ ನೀರನ್ನು ಬಸಿದುಬಿಡಬೇಕು ಎಂಬ ಸಂಗತಿ, ಆ ನೀರು ನನ್ನ ಬಾಯಿಗೂ ಮೂಗಿಗೂ ಕಿವಿಗೂ ಏಕಕಾಲದಲ್ಲಿ ಬಂದಾಗ ಹೊಳೆಯಿತು. ತುಕ್ಕಿನ ನೀರಿನ ರುಚಿ ಏನೆಂದು ನನ್ನನ್ನು ಕೇಳಿ, ಹೇಳುತ್ತೇನೆ. ತಿರುಪನ್ನು ತರಾತುರಿಯಲ್ಲಿ ಮತ್ತೆ ಬಿಗಿದು ಹೊರಗೆ ಬಂದೆ.

"ಕೆಳಗಿಂದು ಬದಲಾಯಿಸಿದ್ರಾ?" ಎಂದಳು ಜಯ, ಟವೆಲು ಕೊಡುತ್ತಾ.

"ಪರೀಕ್ಷೆ ಮಾಡಿದೆ. ಚೆನ್ನಾಗಿಯೇ ಇದೆ" ಎಂದೆ. ಹೊಸ ಕೊಳವೆಯನ್ನು ನಡುಮನೆಯ ಮೊಳೆಗೆ ನೇತುಹಾಕಿದೆ.

ಕಡಬದ ಕಡೆ ಹೋಗಬೇಕಾಗಿದ್ದುದು ಒಂದು ಬಾವಿಯ ವ್ಯಾಜ್ಯಕ್ಕಾಗಿ. ನನ್ನ ಕಕ್ಷಿದಾರ ಚನ್ನಬಸಪ್ಪ. ಎದುರು ಪಕ್ಷ ಅವನ ತೀರಿಹೋದ ಅಣ್ಣನ ಹೆಂಡತಿ ಹೊನ್ನಮ್ಮ. ಬಾವಿ ಪೂರಾ ತನ್ನದೆಂದು ಅವನು, ಅರ್ಧ ತನ್ನದೆಂದು ಅವಳು. ಮೂರು ವರ್ಷದಿಂದ ಮಾತಿಲ್ಲ. ಕೇಸು ಮುಗಿಯುವವರೆಗೆ ಅವನು ಬಾವಿಯ ಹತ್ತಿರ ಸುಳಿಯಬಾರದೆಂದು ಅವಳು ತಡೆಯಾಜ್ಞೆ ತಂದಿದ್ದಳು. ಆಕೆಗೆ ಆ ಬಾವಿಯ ಒಂದು ಹನಿ ನೀರಿನ ಮೇಲೂ ಹಕ್ಕಿಲ್ಲವೆಂದು ನಾನು ಹನ್ನೊಂದು ಪುಟ ಬರೆದು ಕೋರ್ಟಿಗೆ ಕೊಟ್ಟಿದ್ದೆ. ವಾದಕ್ಕೆ ಮೊದಲು ರಸ್ತೆಯಿಂದಲೇ ಸ್ಥಳ ನೋಡಿಬರೋಣ, ಬಸ್ಸಿನಲ್ಲಿ ಹೋಗೋಣ ಎಂದಿದ್ದೆ. ಚನ್ನಬಸಪ್ಪ ಒಪ್ಪಲಿಲ್ಲ. "ಕಾರಲ್ಲೇ ಹೋಗಾನ ಸ್ವಾಮಿ. ನಾನು ಕಾರಲ್ಲಿ ಕೂತಿರೋದನ್ನ ಅವಳು ಒಂದ್ಸಲ ನೋಡ್ಲಿ."

ಅವಳು ನೋಡಿದಳು. ಗುಬ್ಬಿ ದಾಟಿ, ಕಡಬದ ದಾರಿ ಹಿಡಿದು, ಆ ಬಾವಿ ಇನ್ನು ನೂರು ಮಾರು ಇದೆ ಎನ್ನುವಾಗ ಕಾರಿನಡಿ 'ಫಟ್' ಎಂದಿತು. ಆವಿ ನಮ್ಮನ್ನೂ ರಸ್ತೆಯನ್ನೂ ಮುಚ್ಚಿತು. ಕಾರು ಉರುಳಿಕೊಂಡು ಹೋಗಿ, ಬೇರೆ ಜಾಗವೇ ಇಲ್ಲವೆಂಬಂತೆ ಸರಿಯಾಗಿ ಬಾವಿಯ ಎದುರು ನಿಂತಿತು. ಹೊನ್ನಮ್ಮ ಅಲ್ಲೇ ಇದ್ದಳು. ಐವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಎತ್ತು ಹೊಡೆಯುತ್ತಾ ಕಪಿಲೆಯಲ್ಲಿ ನೀರೆತ್ತುತ್ತಿದ್ದಳು. ಊರು ಒಂದು ಮೈಲಿ ದೂರ. ಹತ್ತಿರ ಬೇರೆ ನೀರಿಲ್ಲ.

"ಹೋಗಿ ಒಂದು ಡಬ್ಬ ನೀರು ತಾರಪ್ಪ" ಎಂದೆ.

"ನಾನು ಕಾಲಿಟ್ರೆ ಕೋರ್ಟು ಹಿಡೀತದೆ ಅಂತ ತಾವೇ ಹೇಳಿದ್ದು ಸ್ವಾಮಿ" ಎಂದು ಚನ್ನಬಸಪ್ಪ ರಸ್ತೆಯಾಚೆಯ ಹುಣಸೆಮರಕ್ಕೆ ಮುಖ ತಿರುಗಿಸಿ ನಿಂತ.

ಡಬ್ಬ ಹಿಡಿದು ನಾನೇ ಹೋದೆ. ಹೊನ್ನಮ್ಮ ಎತ್ತು ನಿಲ್ಲಿಸಿದಳು.

"ಕಾರಿಗೆ ಸ್ವಲ್ಪ ನೀರು ಬೇಕಿತ್ತು ತಾಯಿ."

"ನೀರು ಕೇಳ್ದೋರಿಗೆ ಇಲ್ಲ ಅನ್ನಲ್ಲ ಸ್ವಾಮಿ. ಆದ್ರೆ ನಂಗೆ ಈ ಬಾವೀಲಿ ಹಕ್ಕೇ ಇಲ್ಲ ಅಂತ ತಾವೇ ಬರ್ದು ಕೊಟ್ಟಿದೀರಂತೆ. ಹಕ್ಕಿಲ್ದೋಳು ಹೆಂಗೆ ಕೊಡ್ಲಿ?"

ನಾನು ಗಂಟಲು ಸರಿಮಾಡಿಕೊಂಡು, "ಇದು ಕೇಸಿಗೆ ಸಂಬಂಧಪಡದ ನೀರು ತಾಯಿ" ಎಂದೆ.

"ಅದು ನೀರಿಗೆ ಗೊತ್ತಾಗ್ತದಾ ಸ್ವಾಮಿ?"

ಹತ್ತೊಂಬತ್ತು ವರ್ಷದ ವಕೀಲಿಯಲ್ಲಿ ಯಾವ ಸಾಕ್ಷಿಯೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ. ತಲೆಯ ಮೇಲೆ ಬಿಸಿಲು, ಕೈಯಲ್ಲಿ ಖಾಲಿ ಡಬ್ಬ. ದನಿ ತಗ್ಗಿಸಿ, "ಬಾವಿ ನಿಮ್ಮದೇ ತಾಯಿ" ಎಂದೆ. ಹುಣಸೆಮರದ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

ಹೊನ್ನಮ್ಮ ಕೊಡ ತುಂಬಿ ತಾನೇ ರಸ್ತೆಗೆ ತಂದಳು. ಎಂಜಿನ್ ಆರುವವರೆಗೆ ಕಾದು ನಾನು ಮೇಲಿನಿಂದ ನೀರು ಸುರಿದೆ. ಆಕೆ ಬಗ್ಗಿ ಕಾರಿನಡಿ ನೋಡಿದಳು. "ಮೇಲೆ ಸುರಿದಿದ್ದು ಹಂಗೇ ಕೆಳಗೆ ಬೀಳ್ತಾ ಐತೆ ಸ್ವಾಮಿ. ತಾವು ರಸ್ತೆಗೆ ನೀರು ಹಾಯಿಸ್ತಾ ಇದೀರಿ." ಕೆಳಗಿನ ಕೊಳವೆ ಉದ್ದಕ್ಕೂ ಸೀಳಿಹೋಗಿತ್ತು. ಹೊಸದು ತುಮಕೂರಿನಲ್ಲಿ ನಮ್ಮ ಮೊಳೆಯ ಮೇಲೆ ಕ್ಷೇಮವಾಗಿತ್ತು.

ಆಕೆ ಬಾವಿಯ ಪಕ್ಕದ ಗುಡಿಸಲಿಗೆ ಹೋಗಿ ಒಂದು ಹಳೆಯ ಕಪಿಲೆ ಬಾನಿ ತಂದಳು. ನೀರೆತ್ತುವ ಆ ತೊಗಲಿನ ಚೀಲದ ಅಡಿಯಲ್ಲಿ, ನೀರು ಹೊರಗೆ ಸುರಿಯಲು ಆನೆಯ ಸೊಂಡಿಲಿನಂಥ ತೊಗಲಿನ ಕೊಳವೆಯಿರುತ್ತದೆ. ಅದರಲ್ಲಿ ಒಂದು ಗೇಣು ಕೊಯ್ದು, ನೀರಿನಲ್ಲಿ ನೆನೆಸಿ, ನನ್ನ ಕೈಗೆ ಕೊಟ್ಟಳು. ನಾನು ಮತ್ತೆ ಕಾರಿನಡಿ ಮಲಗಿದೆ. ಕೊಳವೆ ಅಗಲ, ಕಬ್ಬಿಣದ ಬಾಯಿ ಕಿರಿದು. ಮಡಿಚಿ ಕಟ್ಟಿದರೆ ಜಾರುತ್ತಿತ್ತು. ಆಕೆಯೂ ಪಕ್ಕದಲ್ಲಿ ಕೂತು ಕೈ ತೂರಿಸಿ ತೊಗಲಿನ ಹುರಿ ಸುತ್ತಿದಳು. ಅದೂ ಜಾರಿತು.

"ಹಂಗಲ್ಲ ಅತ್ಗೆ" ಎಂದಿತು ಹುಣಸೆಮರ. "ನೆರಿಗೆ ಹಿಡ್ದು, ಎರಡು ಸುತ್ತು ಹಾಕಿ ಗಂಟು ಎಳೀಬೇಕು. ಅಣ್ಣ ಹಾಕ್ತಿರ್ಲಿಲ್ವಾ."

ಹೊನ್ನಮ್ಮ ತಿರುಗಿ ನೋಡಲಿಲ್ಲ. ಹುರಿ ಹಿಡಿದ ಕೈ ಮಾತ್ರ ನಿಂತಿತು. "ಅಲ್ಲಿ ನಿಂತು ಹೇಳೋನು ಇಲ್ಲಿ ಬಂದು ಹಾಕ್ಬೋದು" ಎಂದಳು.

ಅವನು ಬಂದ. ಅವಳು ನೆರಿಗೆ ಹಿಡಿದಳು, ಅವನು ಗಂಟು ಎಳೆದ. ಇಬ್ಬರ ತೋಳುಗಳೂ ನನ್ನ ಮೂಗಿನ ಮೇಲೆ ಹಾದುಹೋಗುತ್ತಿದ್ದುದರಿಂದ ನಾನು ಉಸಿರು ಬಿಗಿಹಿಡಿದು ಮಲಗಿದ್ದೆ.

"ಇನ್ನು ನೀರು ತತ್ತಾ, ನೋಡಾನ" ಎಂದಳು ಹೊನ್ನಮ್ಮ.

"ಕೋರ್ಟ್ ಆರ್ಡರ್ ಐತಲ್ಲ ಅತ್ಗೆ."

"ಆರ್ಡರ್ ತಂದೋಳೇ ಹೇಳ್ತಾ ಇದೀನಿ, ಹೋಗು."

ಅವನು ಬಗ್ಗಿ ನನ್ನ ಮುಖ ನೋಡಿದ. "ನಾನು ಕಾರಿನಡಿ ಇದೀನಪ್ಪ. ನನಗೆ ಬಾವಿ ಕಾಣಿಸೋದಿಲ್ಲ" ಎಂದೆ. ವೃತ್ತಿಯಲ್ಲಿ ನಾನು ಕೊಟ್ಟ ಅತಿ ಚಿಕ್ಕ ಕಾನೂನು ಸಲಹೆ ಅದು.

ಹೋದವನು ಬಹಳ ಹೊತ್ತು ಬರಲಿಲ್ಲ. ನಾನು ಹೊರಗೆ ಬಂದು ನೋಡಿದಾಗ ಬಾವಿಯ ದಡದಲ್ಲಿ ನಿಂತು ಒಳಗೆ ಬಗ್ಗಿ ನೋಡುತ್ತಿದ್ದ. ನೀರು ತಂದು, "ಪಡುವಣ ಕಡೆ ಬಾವಿ ಕಟ್ಟಡದ ಕಲ್ಲು ಜಾರವೆ ಅತ್ಗೆ. ಈ ಸಲ ಮಳೆ ಹಿಡಿದ್ರೆ ನಿಲ್ಲಲ್ಲ" ಎಂದ.

"ಗೊತ್ತು. ನನ್ನೊಬ್ಬಳ ಕೈಲಿ ಏನಾಗ್ತದೆ?"

ಅವನು ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ನಾನು ನೀರು ಸುರಿದೆ. ಈ ಸಲ ನಿಂತಿತು. ಹೊನ್ನಮ್ಮ ನಮ್ಮಿಬ್ಬರಿಗೂ ರಾಗಿರೊಟ್ಟಿ, ಮಜ್ಜಿಗೆ ಕೊಟ್ಟಳು. ಚನ್ನಬಸಪ್ಪ ತಲೆ ಎತ್ತದೆ ತಿಂದ. ಕಾರು ಹೊರಟಾಗ, ತಾನು ಸಂಜೆಯ ಬಸ್ಸಿಗೆ ಬರುವುದಾಗಿ ಹೇಳಿ ಅಲ್ಲೇ ಉಳಿದ.

ಮೈಲಿಗೊಂದು ಸಲ ನಿಂತು, ಕಾರಿಗೆ ನೀರು ಕುಡಿಸುತ್ತಾ ಒಬ್ಬನೇ ವಾಪಸು ಬಂದೆ. ಬೆಂದ ತೊಗಲಿನ ವಾಸನೆಗೆ ಗುಬ್ಬಿಯ ನಾಯಿಗಳು ಊರಾಚೆಯವರೆಗೆ ಬಂದು ಬೀಳ್ಕೊಟ್ಟವು. ಜಯ ಮೂಗು ಮುಚ್ಚಿಕೊಂಡು ಗೇಟು ತೆಗೆದಳು. ಮದುವೆ ಮುಗಿಸಿ ಬಂದ ಮಸ್ತಾನ್ ಸಾಬರು ಮಾತ್ರ ನಗಲಿಲ್ಲ. ಗಂಟನ್ನು ಬೆರಳಿನಿಂದ ಸವರಿ, "ಇದು ಕಟ್ಟಿದೋರು ಯಾರು ಸಾಮಿ? ನಮ್ಮ ಶೆಡ್ಡಿಗೆ ಬರ್ತಾರಾ?" ಎಂದು ಕೇಳಿದರು.

ಮುಂದಿನ ವಾಯಿದೆಯ ದಿನ ಅತ್ತಿಗೆ ಮೈದುನ ಒಂದೇ ಬಸ್ಸಿನಲ್ಲಿ ಬಂದು ರಾಜಿ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು. ಬಾವಿ ಅರ್ಧ ಅರ್ಧ. ಜಾರಿದ ಕಲ್ಲಿನ ಕಟ್ಟಡದ ರಿಪೇರಿ ಇಬ್ಬರೂ ಸೇರಿ. ನಾನು ಆರು ತಿಂಗಳು ತಿದ್ದಿ ತೀಡಿದ ವಾದವನ್ನು ಯಾರೂ ಕೇಳಲಿಲ್ಲ. ಆದರೂ ಈ ರಾಜಿ ನನ್ನ ಚಾತುರ್ಯದ ಫಲ ಎಂದು ಬಾರ್ ರೂಮಿನಲ್ಲಿ ಅವರಿವರು ಹೇಳಿದಾಗ ನಾನು ಬಲವಾಗಿ ಅಲ್ಲಗಳೆಯಲಿಲ್ಲ. ಹೊರಗೂ ಹೆಸರು ಹರಡುತ್ತಿದೆ ಎಂದು ನನಗೆ ಒಳಗೊಳಗೇ ಹಿಗ್ಗು.

ಒಂದು ದಿನ ಹಾಗಲವಾಡಿಯಿಂದ ಇಬ್ಬರು ರೈತರು ನನ್ನನ್ನೇ ಹುಡುಕಿಕೊಂಡು ಬಂದರು. ಬದುವಿನ ಜಗಳವಂತೆ, ಹತ್ತು ವರ್ಷದ್ದು. ನಾನು ಕನ್ನಡಕ ಹಾಕಿಕೊಂಡು, ಕಾಗದಪತ್ರ ತೋರಿಸಿ ಎಂದು ಕೈ ಚಾಚಿದೆ.

ಹಿರಿಯವನು ಕೈಮುಗಿದ. "ಕಾಗದ ಎಲ್ಲ ನೋಡ್ಕೊಳ್ಳಾಕೆ ಬೇರೆ ಲಾಯರ್ ಇಟ್ಟಿದೀವಿ ಸ್ವಾಮಿ. ತಮ್ಮಿಂದ ಒಂದೇ ಉಪಕಾರ ಆಗ್ಬೇಕು. ಮುಂದಿನ ವಾರ ಆ ಕಾರು ತಗೊಂಡು ಬಂದು, ನಮ್ಮ ಬದುವಿನ ಹತ್ರ ಒಂದ್ ಗಳಿಗೆ ಕೆಟ್ಟು ನಿಂತ್ಕೊಂಡ್ರೆ ಸಾಕು."