ಹಿಟ್ಟಿನ ಕೈಯೂ ಗಾಜಿನ ಸ್ವಿಚ್ಚೂ

ನನ್ನ ಬೆರಳುಗಳ ಬಗ್ಗೆ ನನಗೆ ತುಸು ಜಂಬವಿದೆ, ಒಪ್ಪಿಕೊಂಡುಬಿಡುತ್ತೇನೆ. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವನು ನಾನು. ಕಣ್ಣು ಮುಚ್ಚಿ ಸೆರಗು ಸವರಿದರೆ ಸಾಕು, ರೇಷ್ಮೆ ಅಸಲಿಯೋ ನಕಲಿಯೋ ಹೇಳಿಬಿಡುತ್ತೇನೆ. ಫೋನಿನಲ್ಲಿ ಫೋಟೋ ನೋಡಿ ಸೀರೆ ತರಿಸಿಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತದೆ. "ಮೊದಲ ಮುಟ್ಟಿ ನೋಡ್ರಿ, ಆಮ್ಯಾಲೆ ಮಾತಾಡ್ರಿ" ಎನ್ನುವುದು ದಿನವಿಡೀ ನನ್ನ ಬಾಯಲ್ಲಿರುವ ಮಂತ್ರ.

ಇಂಥ ನಾನು ಹೋದ ತಿಂಗಳು ಅಡುಗೆಮನೆಗೆ ಗಾಜಿನ ಸ್ವಿಚ್ ಬೋರ್ಡು ಹಾಕಿಸಿದೆ. ಗುಂಡಿಯಿಲ್ಲ, ಟಕ್ ಎನ್ನುವ ಸದ್ದಿಲ್ಲ. ನುಣ್ಣನೆಯ ಗಾಜಿಗೆ ಬೆರಳು ತಾಗಿಸಿದರೆ ದೀಪ ಹತ್ತಬೇಕು. ನನ್ನ ಬೆರಳಿಗೆ ಹತ್ತಿತು. ಆದರೆ ನನ್ನ ಹೆಂಡತಿ ಶಾಂತಾಳದು ಜೋಳದ ರೊಟ್ಟಿ ಬಡಿಯುವ ಕೈ. ಹಿಟ್ಟು ಮೆತ್ತಿದ ಬೆರಳನ್ನು ಆ ದರಿದ್ರ ಗಾಜು ಮನುಷ್ಯರ ಬೆರಳೆಂದೇ ಒಪ್ಪಲಿಲ್ಲ. ರೊಟ್ಟಿ ಹೊತ್ತಿ ಮನೆತುಂಬ ಹೊಗೆಯಾದರೂ ಹೊಗೆ ಎಳೆಯುವ ಫ್ಯಾನು ಮಿಸುಕಲಿಲ್ಲ. ಹಳೆಯ ಕರಿ ಗುಂಡಿಯನ್ನಾದರೆ ತಿರುಗಿಯೂ ನೋಡದೆ ಮೊಣಕೈಯಿಂದ ಒತ್ತುತ್ತಿದ್ದಳು. ಗಾಜಿಗೆ ಮೊಣಕೈ ತಾಗಿಸಿದರೆ ದೀಪ, ಫ್ಯಾನು, ಮಿಕ್ಸರ್ ಎಲ್ಲ ಒಮ್ಮೆಲೇ ಶುರು! ಕೊನೆಗೆ ಮೂಗಿನಿಂದ ಒತ್ತತೊಡಗಿದಳು. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಜೈನಾಬಿ ಬಾಗಿಲಲ್ಲೇ ನಿಂತು, "ಯಾಕ್ರಿ ಅಕ್ಕಾರ, ಗ್ವಾಡಿಗೆ ಮುದ್ದು ಕೊಡಾಕತ್ತೀರಿ?" ಎಂದಳು.

ಅಂದು ನನ್ನ ತಾಟಿಗೆ ಬರೀ ಅನ್ನ ಬಿತ್ತು. "ನನ್ನ ಹಳೇ ಗುಂಡಿ ಬರೂತನಾ ರೊಟ್ಟಿ ಬಂದ್" ಎಂದಳು ಶಾಂತಾ.

"ಕೈ ತೊಳಕೊಂಡು ಮುಟ್ಟಿದರ ಏನ್ ಕಳಕೋತಿ?" ಎಂದೆ.

"ರೊಟ್ಟಿಗೊಮ್ಮೆ ಕೈ ತೊಳೀಲೇನು? ನೀವ ಬಂದು ಬಡೀರಿ, ನಾ ದೀಪಾ ಹಚ್ಚತೇನಿ."

ಅನ್ನ ಉಂಡು ಮೂರು ದಿನ ಮಾನ ಕಾಯ್ದುಕೊಂಡೆ. ರೊಟ್ಟಿಯಿಲ್ಲದ ಊಟ ನಮ್ಮ ಕಡೆಯವರಿಗೆ ಊಟವೇ ಅಲ್ಲ. ನಾಲ್ಕನೆಯ ದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವಳು ಜೋಪಾನವಾಗಿ ಎತ್ತಿಟ್ಟಿದ್ದ ಹಳೆಯ ಬೋರ್ಡೇ ಗೋಡೆ ಏರಿತು. ಟಕ್! ಫ್ಯಾನು ತಿರುಗಿತು. ತಾಟಿಗೆ ಬಿಸಿ ರೊಟ್ಟಿ ಬಿತ್ತು, ಹಿಂದೆಯೇ ಪ್ರಶ್ನೆಯೂ ಬಂತು: "ಊರ ಮಂದಿಗೆಲ್ಲಾ ಮುಟ್ಟಿ ನೋಡ್ರಿ ಅಂತೀರಿ. ಆ ಗಾಜು ಮುಟ್ಟಿ ನೋಡಿ ತಂದಿದ್ರೇನು?"

ಸುಳ್ಳು ಹೇಳೋಣವೆಂದರೆ ಅವಳ ರೊಟ್ಟಿಯೇ ಬಾಯಲ್ಲಿತ್ತು. "ಇಲ್ಲ. ಫೋನಿನ್ಯಾಗ ಫೋಟೋ ನೋಡಿ ತರಿಸಿದ್ದೆ."

ಬೈಗುಳಕ್ಕೆ ಕಾದೆ. ಅವಳು ಇನ್ನೊಂದು ರೊಟ್ಟಿ ಹಾಕುತ್ತ, "ಹೋಗ್ಲಿ ಬಿಡ್ರಿ. ನಮ್ಮಪ್ಪನೂ ನನಗ ನಿಮ್ಮ ಫೋಟೋನ ತೋರಿಸಿದ್ದ" ಎಂದಳು.

ನಾನು ತಲೆ ಸವರಿಕೊಂಡೆ. ಫೋಟೋದಲ್ಲಿ ಅಲ್ಲಿ ಕೂದಲಿತ್ತು.