ಕುಂಬಳದ ಹೂವೂ ಸೊಸೆಯ ಕೈಗುಣವೂ

ನಮ್ಮ ಕುಂಬಳ ಬಳ್ಳಿಯ ಹೀಚುಗಳೆಲ್ಲ ಉದುರಿಹೋದದ್ದು ನನ್ನಿಂದ. ಬೀಜ ಕೆಟ್ಟಿರಲಿಲ್ಲ, ಮುಂಬಯಿಯ ಈ ವಡಾಲದ ಬಿಸಿಲಿನ ತಪ್ಪಲ್ಲ, ಪಾರಿವಾಳದ್ದಲ್ಲ, ಸೊಸೆಯದಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲೋ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಮುಗಿಸಿಬಿಟ್ಟೇನು. ವಯಸ್ಸಾದವರಿಗೆ ಅದೊಂದು ಚಟ. ಹಾಲು ಉಕ್ಕಿದರೆ ಗ್ಯಾಸು ಸರಿಯಿಲ್ಲ, ಚಷ್ಮಾ ಸಿಗದಿದ್ದರೆ ಯಾರೋ ಎತ್ತಿಟ್ಟಿದ್ದಾರೆ. ಅರವತ್ತೆಂಟು ವರ್ಷ ನನ್ನಿಂದ ಒಂದು ತಪ್ಪೂ ಆಗಿರಲಿಲ್ಲ. ಈ ಬೇಸಿಗೆಯಲ್ಲಿ ಆಯಿತು.

ನಾವಿರುವುದು ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ. ಕಿಟಕಿಯಿಂದ ಹೊರಚಾಚಿದ ಕಬ್ಬಿಣದ ಗ್ರಿಲ್ಲು, ಅದೇ ನನ್ನ ಹೊಲ. ಒಡೆದ ಬಕೆಟ್ಟಿನಲ್ಲಿ ಮೆಂತ್ಯ, ಎಣ್ಣೆ ಡಬ್ಬಿಯಲ್ಲಿ ಮೆಣಸಿನಗಿಡ, ಅರ್ಧಕ್ಕೆ ಕೊಯ್ಯಿಸಿದ ನೀರಿನ ಡ್ರಮ್ಮಿನಲ್ಲಿ ಕುಂಬಳ. ಸಂಕ್ರಾಂತಿ ಮುಗಿದ ಮೇಲೆ ಬೀಜ ಹಾಕಿದ್ದೆ, ಹೋಳಿಯ ಹೊತ್ತಿಗೆ ಬಳ್ಳಿ ಗ್ರಿಲ್ಲನ್ನೆಲ್ಲ ತಬ್ಬಿಕೊಂಡಿತ್ತು. ನಾನು ಒಕ್ಕಲುತನದ ಮನೆಯವಳು ಎಂದು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ, ಹೊಲದಲ್ಲಿ ನಾನು ಮಾಡಿದ ಕೆಲಸವೆಂದರೆ ಅಪ್ಪನಿಗೆ ಬುತ್ತಿ ಕೊಟ್ಟು ಬೇವಿನ ನೆರಳಲ್ಲಿ ಮಲಗಿ ಬರುವುದು. ಕುಂಬಳ ತಿಪ್ಪೆಯ ಮೇಲೆ ತಾನಾಗಿ ಹುಟ್ಟಿ ತಾನಾಗಿ ಕಾಯಿ ಬಿಡುತ್ತಿತ್ತು. ಅದಕ್ಕೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಬಿಡುತ್ತಿತ್ತೋ ಏನೋ.

ಇಲ್ಲಿ ನಾನಿದ್ದೆ. ಬಳ್ಳಿಯ ತುಂಬ ಅಂಗೈ ಅಗಲದ ಹಳದಿ ಹೂ. ಕೆಲವಕ್ಕೆ ಬುಡದಲ್ಲಿ ಗೋಲಿಯಂಥ ಹೀಚು, ಉಳಿದ ಬಹಳಷ್ಟಕ್ಕೆ ಬರೀ ಉದ್ದನೆಯ ತೊಟ್ಟು. ಕಾಯಿಲ್ಲದ ಈ ಹೂಗಳು ಸುಮ್ಮನೆ ಬಳ್ಳಿಯ ಸಾರ ತಿಂದು ಏನು ಮಾಡಬೇಕು, ದೇವರಿಗಾದರೂ ಆಗಲಿ ಎಂದು ದಿನಾ ಬೆಳಿಗ್ಗೆ ಎದ್ದವಳೇ ಒಂದೂ ಬಿಡದೆ ಹರಿಯತೊಡಗಿದೆ. ಸ್ಟೇಷನ್ನಿನ ಹೂವಿನವನು ಕೊಡುವ ಪೊಟ್ಟಣದಲ್ಲಿ ಎರಡು ಬಾಡಿದ ಚೆಂಡುಹೂ, ಮಿಕ್ಕಿದ್ದು ಎಲೆ. ನನ್ನ ದೇವರ ಮುಂದೆ ತಟ್ಟೆ ತುಂಬಿ ತುಳುಕುತ್ತಿತ್ತು. ಹೀಚಿದ್ದ ಹೂವಿಗೆ ಮಾತ್ರ ಉಗುರು ತಾಗಿಸಲಿಲ್ಲ. ಅಷ್ಟು ಜಾಣೆ ನಾನು.

ಆ ಹೀಚುಗಳೋ, ನಿಂಬೆಹಣ್ಣಿನಷ್ಟೂ ಆಗದೆ ಹಳದಿಗಟ್ಟಿ ಉದುರಿದವು. ಒಂದಲ್ಲ ಎರಡಲ್ಲ, ಏಳು. ನೀರು ಹಾಕುತ್ತಿದ್ದವಳು ಸೊಸೆ ಸುಜಾತಾ. ಅವಳು ಶಾಲೆಯೊಂದರಲ್ಲಿ ಆಯಾ. ಸಂಜೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಮೊದಲು ಬಳ್ಳಿಗೆ ನೀರು ಹಾಕುತ್ತಿದ್ದಳು. ನನಗೆ ಇನ್ನೇನು ಬೇಕು?

"ನಿನ್ನ ಕೈಗುಣ ಚಲೋ ಇಲ್ಲ ನೋಡವಾ. ನಾಳಿಂದ ನೀರು ನಾನ ಹಾಕತೀನಿ" ಎಂದೆ.

"ಹಾಕ್ರಿ ಅತ್ತಿ. ಎರಡ ತಂಬಗಿ ಸಾಕ್ರಿ, ಹೆಚ್ಚಾದ್ರ ಕೆಳಗಿನವರು ಒಣಾ ಹಾಕಿದ ಅರಿವಿ ಮ್ಯಾಲ ಬೀಳತೈತಿ" ಎಂದಳು.

ಅವಳು ಜಗಳಕ್ಕೆ ಬಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲವಾದ್ದರಿಂದ ನನ್ನ ಮಾತು ಹೊಟ್ಟೆಯಲ್ಲಿ ಕೂತುಕೊಳ್ಳದೆ ಲಿಫ್ಟಿನಲ್ಲಿ ಹೊರಬಿತ್ತು, ಹಿಟ್ಟಿನ ಗಿರಣಿಯಲ್ಲಿ ಹೊರಬಿತ್ತು, ಕೊನೆಗೆ ನಾಲ್ಕನೇ ಮಾಳಿಗೆಯ ಸಾವಂತ ವಹಿನಿಯ ಕಿವಿಗೂ ಬಿತ್ತು.

ಸಾವಂತ ವಹಿನಿ ಕೊಂಕಣದ ಕಡೆಯ ಮರಾಠಿ ಹೆಂಗಸು; ವಹಿನಿ ಎಂದರೆ ಅತ್ತಿಗೆ, ಬಿಲ್ಡಿಂಗಿನವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಪ್ರತಿ ಬೇಸಿಗೆಗೆ ದೊಡ್ಡ ಬರಣಿ ತುಂಬ ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಾಳೆ. ಆರು ವರ್ಷದಿಂದ ಅದನ್ನು ಕಲಸುವವಳು ಸುಜಾತಾ. ಮದುವೆಯಾದ ಹೊಸದರಲ್ಲಿ ಯಾವುದೋ ಪಾತ್ರೆ ವಾಪಸು ಕೊಡಲು ಹೋದವಳು ಒಂದು ಕೈ ಹಾಕಿದ್ದಳು, ಆ ಉಪ್ಪಿನಕಾಯಿ ಮುಂದಿನ ಬೇಸಿಗೆಯವರೆಗೂ ಬೂಸು ಹಿಡಿಯಲಿಲ್ಲ. ಅಂದಿನಿಂದ ಬಿಲ್ಡಿಂಗಿನ ಹೆಂಗಸರಿಗೆಲ್ಲ ಬರಣಿಯಲ್ಲಿ ಸುಜಾತಾಳ ಕೈಯೇ ಆಗಬೇಕು. ವರ್ಷವೆಲ್ಲ ಬೇರೆಯವರ ಮಕ್ಕಳ ಮೂಗು ಒರೆಸುವವಳು. ಆ ಒಂದೆರಡು ದಿನ ಮಾತ್ರ ನಾಲ್ಕು ಜನ ಅವಳಿಗಾಗಿ ಕಾದು ಕೂತಿರುತ್ತಾರೆ.

ಆ ಶನಿವಾರ ಸಂಜೆ ಮಾವಿನಕಾಯಿ ಹೆಚ್ಚಿಕೊಡಲೆಂದು, ಬಳೆ ಮೇಲೆ ಸರಿಸಿಕೊಂಡು ಸುಜಾತಾ ಮೇಲೆ ಹೋದಳು. ಐದು ನಿಮಿಷದಲ್ಲಿ ಇಳಿದುಬಂದಳು.

"ಈ ವರ್ಷ ನಾ ಬ್ಯಾಡಂತ. ಮಲಾಡಿನಿಂದ ಅವರ ನಾದಿನಿ ಬಂದು ಕಲಸ್ತಾರಂತ. ಅತ್ತಿ, ನೀವು ವಹಿನಿಗೆ ಏನರ ಹೇಳೀರೇನು?"

"ನಾ ಏನ ಹೇಳಲಿ? ಇದ್ದದ್ದ ಹೇಳೇನಿ."

ಅವಳು ಬಳೆಗಳನ್ನು ಮಣಿಕಟ್ಟಿಗೆ ಇಳಿಸಿಕೊಂಡು ಅಡುಗೆಮನೆಗೆ ಹೋದಳು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಈರುಳ್ಳಿ ಹೆಚ್ಚುತ್ತಿದ್ದಾಳೆ ಎಂದುಕೊಳ್ಳೋಣವೆಂದರೆ ಈರುಳ್ಳಿ ಬುಟ್ಟಿ ನನ್ನ ಮುಂದೆಯೇ ಇತ್ತು.

ಅಷ್ಟರಲ್ಲಿ ಅಥಣಿಯಿಂದ ತಂಗಿ ಗಂಗವ್ವನ ವಿಡಿಯೋ ಕಾಲ್ ಬಂತು. ನನ್ನ ಐಶ್ವರ್ಯ ನೋಡಲಿ ಎಂದು ಫೋನನ್ನು ದೇವರ ಕಡೆ ತಿರುಗಿಸಿದೆ.

"ಅಕ್ಕಾ, ಅದೇನ ರಾಶಿ ಹಾಕೀದಿ? ಕುಂಬಳ ಹೂ ಏನು?"

"ಹೂಂ. ಕಾಯಿಲ್ಲದ್ದು ದಿನಾ ಹರೀತೀನಿ. ಒಂದೂ ಬಿಡೂದಿಲ್ಲ."

"ಒಂದೂ?"

"ಒಂದೂ."

ಗಂಗವ್ವನ ಮುಖ ಹೋಗಿ ಫೋನಿನಲ್ಲಿ ಅವರ ಮನೆಯ ಫ್ಯಾನು ಕಾಣಿಸಿತು. ನಗುತ್ತಿದ್ದಳು. ನಗು ಕೆಮ್ಮಾಗಿ, ಕೆಮ್ಮು ತಿರುಗಿ ನಗುವಾಗಿ, ಆಮೇಲೆ ಮಾತು ಬಂತು. "ಅವು ಗಂಡ ಹೂ ಅಕ್ಕಾ. ಅವುಗಳ ಹುಡಿ ಹೆಣ್ಣ ಹೂವಿಗೆ ಮುಟ್ಟಿದ್ರನ ಕಾಯಿ ನಿಲ್ಲತೈತಿ. ಗಂಡ ಹೂ ಎಲ್ಲಾ ದೇವರಿಗೆ ಕೊಟ್ಟ ಕುಂತ್ರ ಹೆಣ್ಣ ಹೂ ಒಂದ ಏನ ಮಾಡಬೇಕು? ನಮ್ಮ ಎಮ್ಮಿಗೂ ಗೊತ್ತೈತಿ ಇದು. ನೀ ಏನ ಒಕ್ಕಲಗಿತ್ತಿ?"

ನೆಟ್ವರ್ಕ್ ಸರಿಯಿಲ್ಲ ಎಂದು ಫೋನು ಇಟ್ಟೆ. ನೆಟ್ವರ್ಕ್ ಚೆನ್ನಾಗಿತ್ತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಗಂಗವ್ವನ ದನಿ ಮೂರು ಮನೆಗೆ ಕೇಳುವಂಥದ್ದು. ಸ್ವಲ್ಪ ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಯಿತು.  ತಂಗಿಯ ನಗುವನ್ನು ಫೋನು ಇಟ್ಟು ನಿಲ್ಲಿಸಬಹುದು, ಸುಜಾತಾಳ ಈ ರೊಟ್ಟಿ ಬಡಿತವನ್ನು ಹೇಗೆ ನಿಲ್ಲಿಸುವುದು? ತಪ್ಪಾಯಿತು ಎನ್ನಬೇಕೆಂದು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಬಾಯಿಂದ ಬಂದದ್ದು, "ರೊಟ್ಟಿ ದಪ್ಪ ಆಗ್ಯಾವ."

ಮರುದಿನ ಬೆಳಿಗ್ಗೆ ದೇವರಿಗೆ ಬರೀ ದೀಪ ಹಚ್ಚಿ ನಾಲ್ಕನೇ ಮಾಳಿಗೆ ಹತ್ತಿದೆ. ಊರೆಲ್ಲ ಹರಡುವಾಗ ಲಿಫ್ಟಿನಲ್ಲಿ ಹರಡಿದ್ದೆ, ವಾಪಸು ತೆಗೆದುಕೊಳ್ಳುವ ದಿನ ಲಿಫ್ಟು ಕೆಟ್ಟಿತ್ತು. ಸಾವಂತರ ಮನೆಯಲ್ಲಿ ಮಾವಿನ ಹೋಳುಗಳು ಪರಾತವೆಂಬ ಅಗಲ ತಟ್ಟೆಯಲ್ಲಿ ಸಿದ್ಧವಾಗಿದ್ದವು. ಮಲಾಡಿನ ನಾದಿನಿ ಕೈ ತೊಳೆದುಕೊಳ್ಳುತ್ತಿದ್ದಳು. ಬಾಗಿಲಲ್ಲೇ ನಿಂತು ನನ್ನ ಮುರುಕು ಮರಾಠಿಯಲ್ಲಿ, ಬಳ್ಳಿ ಕೆಡಿಸಿದ್ದು ನಾನು, ಸುಜಾತಾ ಅಲ್ಲ ಎಂದೆ. ವಹಿನಿ ನಂಬಲಿಲ್ಲ. ಗಂಡು ಹೂ ಹೆಣ್ಣು ಹೂವಿನ ಸಂಗತಿಯನ್ನೆಲ್ಲ ಬಿಡಿಸಿ ಹೇಳಬೇಕಾಯಿತು. ಪೇಪರ್ ಓದುತ್ತಿದ್ದ ಸಾವಂತರು ಪೇಪರ್ ಮಡಚಿಕೊಂಡು ಒಳಗೆ ಹೋದರು.

ವಹಿನಿ ಎಲ್ಲ ಕೇಳಿ ನನ್ನ ಕೈಗಳನ್ನೇ ನೋಡಿದಳು. "ಮಗ ಆಜೀ, ತುಮ್ಹೀ ಬರಣೀಲಾ ಹಾತ ಲಾವೂ ನಕಾ" ಎಂದಳು. ಹಾಗಾದರೆ ನೀವು ಬರಣಿ ಮುಟ್ಟಬೇಡಿ ಅಂತ. ನಾದಿನಿ ಕೈ ಒರೆಸಿಕೊಂಡು ಕೂತಳು. ನಾನು ಮೆಟ್ಟಿಲ ಬಳಿ ಹೋಗಿ ಸುಜಾತಾಳನ್ನು ಕೂಗಿದೆ.

ಅವಳು ಬಂದು ಪರಾತದ ಮುಂದೆ ಕೂತು ಕಲಸತೊಡಗಿದಳು. ನನಗೆ ಮೂಲೆಯಲ್ಲಿ ಕುರ್ಚಿ ಸಿಕ್ಕಿತು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಒಂದು ಹೋಳು ಜಾರಿ ನನ್ನ ಕಾಲ ಬಳಿ ಬಿತ್ತು. ಎತ್ತಲು ಬಗ್ಗಿದೆ.

"ಇರಲಿ ಅತ್ತಿ" ಎಂದಳು ಸುಜಾತಾ, ತಲೆ ಎತ್ತದೆ. "ನೀವು ಮುಟ್ಟಬ್ಯಾಡ್ರಿ."

ಮುಟ್ಟಲಿಲ್ಲ.